ಐದು ಗಂಟೆಗೆ ಮಾವನ ಫೋನು

ಮದುವೆಯಾಗಿ ಹದಿನಾರು ವರ್ಷ ನಾನೂ ನನ್ನ ಮಾವನೂ ಒಬ್ಬರೊಡನೊಬ್ಬರು ಬಾಯಿಬಿಟ್ಟು ಒಂದು ಮಾತು ಆಡಿರಲಿಲ್ಲ. ಜಗಳವೇನೂ ಇರಲಿಲ್ಲ. ಉಡುಮಲೈಪೇಟೆಯ ಹತ್ತಿರ ನಮ್ಮ ನೇಕಾರರ ಬೀದಿಯ ಹಳೆಯ ಮನೆಗಳಲ್ಲಿ ಸೊಸೆಯಾದವಳು ಗಂಡನ ತಂದೆಯ ಎದುರು ನಿಂತು ಮಾತಾಡುವ ಹಾಗಿಲ್ಲ. ಅವರೂ ಸೊಸೆಯನ್ನು ನೇರವಾಗಿ ಮಾತಾಡಿಸುವ ಹಾಗಿಲ್ಲ. ನಾನು ಕೊಳ್ಳೇಗಾಲದ ಕಡೆಯವಳು. ತಮಿಳುನಾಡಾದರೇನು, ಕನ್ನಡ ಮಾತಾಡುವ ಮನೆಗೇ ಕೊಡುತ್ತಿದ್ದೇವೆ, ಹುಡುಗಿಗೆ ಮಾತಿಗೇನೂ ತೊಂದರೆಯಿಲ್ಲ ಎಂದು ನಮ್ಮಪ್ಪ ಸಮಾಧಾನದಲ್ಲಿದ್ದರು. ಮಾತೇ ಆಡಬಾರದ ಮನೆ ಅಂತ ಪಾಪ ಅವರಿಗೇನು ಗೊತ್ತು.

ಮಾವ ನಡುಮನೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದರು. ಅತ್ತೆ ಪಕ್ಕದಲ್ಲಿ ರಾಟೆ ಹಾಕಿಕೊಂಡು ಕಂಡಿಕೆ ಸುತ್ತಿ ಕೊಡುತ್ತಿದ್ದರು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಅನ್ನುತ್ತಾರೆ. ನಾನು ಅಡುಗೆಮನೆಯಲ್ಲಿರುತ್ತಿದ್ದೆ. "ಅವಳ್ನ ಕೇಳು, ಕಾಪಿ ಆಯ್ತಾ" ಎಂದು ಮಾವ ಅತ್ತೆಗೆ ಹೇಳುವರು. ಹತ್ತು ಅಡಿ ದೂರದಲ್ಲಿದ್ದ ನನಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಅತ್ತೆ ನನ್ನ ಕಡೆ ತಿರುಗಿ "ಕಾಪಿ ಆಯ್ತಾ ಅಂತ ಕೇಳ್ತಾವ್ರೆ" ಅನ್ನಬೇಕು. ನಾನು "ಐದು ನಿಮಿಷ ಅತ್ತೆ" ಅನ್ನಬೇಕು. ಅತ್ತೆ ಆ ಕಡೆ ತಿರುಗಿ "ಐದು ನಿಮಿಷವಂತೆ" ಅನ್ನಬೇಕು. ಆಗ ಮಾವ "ಹೂಂ" ಅನ್ನುವರು. ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು, ಕೊನೆಗೆ ಅದೂ ಬರುವುದು ನಿಂತುಹೋಯಿತು.

ಆರು ವರ್ಷದ ಹಿಂದೆ ಅತ್ತೆ ತೀರಿಕೊಂಡರು. ನನ್ನ ಗಂಡ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಟಿಂಗ್ ಮಾಸ್ಟರ್. ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಬಸ್ಸು ಹತ್ತುವವರು. ಮಗಳು ಒಂದನೇ ಕ್ಲಾಸು. ಅವಳು ಸ್ಕೂಲಿಗೆ ಹೋದ ಮೇಲೆ ಇಡೀ ದಿನ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರೇ, ಮಾತಾಡಬಾರದ ಇಬ್ಬರು.

ಆದರೆ ಮಗ್ಗ ಹೀಗೆಲ್ಲ ಕೇಳುವುದಿಲ್ಲವಲ್ಲ. ಕಂಡಿಕೆ ಸುತ್ತುವ ಕೆಲಸ ನನ್ನ ಕೈಗೆ ಬಂದಿತ್ತು. ಯಾವ ಬಣ್ಣ, ಎಷ್ಟು ಬೇಕು ಎಂದು ಅವರು ಹೇಳಲೇಬೇಕು. ಒಂದು ವಾರ ಮಾವ ಬೇಕಾದ ಬಣ್ಣದ ನೂಲಿನ ಎಳೆಯನ್ನು ಅಡುಗೆಮನೆ ಹೊಸ್ತಿಲ ಮೇಲೆ ಇಟ್ಟು ಕೆಮ್ಮಿ ಹೋದರು. ಬಣ್ಣವೇನೋ ಗೊತ್ತಾಗುತ್ತಿತ್ತು, ಎಷ್ಟು ಅಂತ ಗೊತ್ತಾಗುತ್ತಿರಲಿಲ್ಲ. ನಾನು ಒಂದು ದಿನ ಹಸಿರಿನದೇ ಇಪ್ಪತ್ತು ಸುತ್ತಿಟ್ಟೆ. ಮಾವ ಅದನ್ನು ನೋಡಿ ಗೋಡೆಯ ಕಡೆ ತಿರುಗಿ "ಅಯ್ಯಯ್ಯೋ" ಅಂದರು. ಗೋಡೆಗೆ ಹೇಳಿದ್ದಾದ್ದರಿಂದ ನಾನು ಉತ್ತರ ಕೊಡುವ ಹಾಗಿರಲಿಲ್ಲ.

ಮಾರನೆಯ ದಿನ ಒಗ್ಗರಣೆ ಹಾಕುತ್ತಿದ್ದಾಗ ನನ್ನ ಫೋನು ಟಿಂಗ್ ಎಂದಿತು. ಮೆಸೇಜು ಬಂದಿತ್ತು. ನಡುಮನೆಯಲ್ಲಿ ಮಗ್ಗದ ಸದ್ದು ನಿಂತಿತ್ತು.

ಮಾವನ ಹತ್ತಿರ ಒಂದು ಬಟನ್ ಫೋನಿತ್ತು. ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಮುದಲಾಳಿ ಅಂಚಿನ ಬಣ್ಣವನ್ನೆಲ್ಲ ಅದಕ್ಕೇ ಮೆಸೇಜು ಮಾಡುತ್ತಿದ್ದ. ಹಾಗಾಗಿ ಅವರಿಗೆ ಅದರ ಅಭ್ಯಾಸವಿತ್ತು. ಆದರೆ ಅವರಿಗೆ ಬರುತ್ತಿದ್ದದ್ದು ತಮಿಳು ಅಕ್ಷರ ಮಾತ್ರ. ನನಗೆ ಬರುತ್ತಿದ್ದದ್ದು ಕನ್ನಡ ಅಕ್ಷರ ಮಾತ್ರ. ಫೋನು ಹಿಡಿದುಕೊಂಡು ಮಗಳು ಬರುವವರೆಗೆ ಕಾದೆ. ಅವಳು ಬ್ಯಾಗನ್ನೂ ಇಳಿಸದೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಅಮ್ಮಣಿ, ಪಚ್ಚೆ ನಾಕು, ಅರಕ್ಕು ಎರಡು." ಅರಕ್ಕು ಅಂದರೆ ಕಡುಗೆಂಪು. ಅಮ್ಮಣಿ ಅಂದರೆ ಈ ಸೀಮೆಯಲ್ಲಿ ಮನೆಯ ಹೆಣ್ಣುಮಗಳನ್ನು ಪ್ರೀತಿಯಿಂದ ಕರೆಯುವ ಮಾತು. ನಮ್ಮ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಮಗಳ ಜೊತೆ ಕೂತು ಒಂದು ತಿಂಗಳಲ್ಲಿ ತಮಿಳು ಅಕ್ಷರ ಕಲಿತೆ. ಅವಳು ಟೀಚರ್ ಹಾಗೆ ಅಡಿಕೋಲು ಹಿಡಿದು ನನ್ನನ್ನು ಗದರಿದ್ದು ಬೇರೆ. ಬರೆಯುತ್ತಿದ್ದದ್ದು ಕನ್ನಡ, ಅಕ್ಷರ ಮಾತ್ರ ತಮಿಳು. ನಮ್ಮ ಮೆಸೇಜುಗಳನ್ನು ತಮಿಳರು ಓದಿದರೂ ಅರ್ಥವಾಗುತ್ತಿರಲಿಲ್ಲ, ಕನ್ನಡದವರು ನೋಡಿದರೂ ಓದಲಾಗುತ್ತಿರಲಿಲ್ಲ. ಮಾವನಿಗೂ ನನಗೂ ಮಾತ್ರ ತಿಳಿಯುವಂಥದ್ದು.

ಮೊದಲು ಬರೀ ಕಂಡಿಕೆಯ ಲೆಕ್ಕವೇ ಬರುತ್ತಿತ್ತು. ಆಮೇಲೆ "ಬಿಸಿಲು. ಮಗುಗೆ ಕೊಡೆ ಕೊಡು" ಎಂದು ಬಂತು. ಒಂದು ದಿನ ಊಟವಾದ ಮೇಲೆ "ಹುರುಳಿ ಸಾರು ಚೆನ್ನಾಗಿತ್ತು" ಎಂದು ಬಂತು. ಹತ್ತು ವರ್ಷ ಸಾರು ಮಾಡಿ ಬಡಿಸಿದವಳು ನಾನು. ಅತ್ತೆ ಅಂಥ ಮಾತನ್ನು ಒಂದು ದಿನವೂ ಈ ಕಡೆ ದಾಟಿಸಿರಲಿಲ್ಲ. ಅವರು ಹೇಳಿರಲಿಲ್ಲವೋ, ಅತ್ತೆ ದಾರಿಯಲ್ಲೇ ನುಂಗಿದರೋ, ಈಗ ಯಾರನ್ನು ಕೇಳುವುದು.

ಮೆಸೇಜಿನಲ್ಲಿ ನನಗೆ ಬಾಯಿ ಬಂತು. ಮಾವನಿಗೆ ಸಕ್ಕರೆ ಕಾಯಿಲೆ. ಬೆಲ್ಲದ ಡಬ್ಬಿಯನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟೆ. "ಬೆಲ್ಲ ಎಲ್ಲಿ" ಎಂದು ಬಂತು. "ಗೊತ್ತಿಲ್ಲ ಮಾವ" ಎಂದು ಕಳಿಸಿದೆ. "ನಿಂಗೆ ಗೊತ್ತು" ಎಂದು ಬಂತು. "ಗೊತ್ತು, ಕೊಡಲ್ಲ" ಎಂದು ಕಳಿಸಿದೆ. ನಡುಮನೆಯಲ್ಲಿ ಅವರು ಒಬ್ಬರೇ ನಗುತ್ತಿದ್ದದ್ದು ಕೇಳಿಸಿತು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆದರೆ ಅದೇ ಹೊತ್ತಿಗೆ ಅವರು ನೀರು ಕುಡಿಯಲು ಈ ಕಡೆ ಬಂದಾಗ ನಾನು ಬಾಗಿಲ ಹಿಂದೆ ಸರಿದು ನಿಂತೆ. ಅವರು ನೆಲ ನೋಡುತ್ತ ಹೋದರು. ಯಾರಾದರೂ ನೋಡಿದ್ದರೆ ಈ ಇಬ್ಬರಿಗೆ ಏನೋ ಮನಸ್ತಾಪವಿದೆ ಅಂದುಕೊಳ್ಳುತ್ತಿದ್ದರು.

ನಮ್ಮಪ್ಪ ಹೋದಾಗ ಕೊಳ್ಳೇಗಾಲದಲ್ಲಿ ಹನ್ನೊಂದು ದಿನ ಇದ್ದು ಬಂದೆ. ಬಂದ ದಿನ ಪಾತ್ರೆ ತೊಳೆಯುತ್ತ ಅಳುತ್ತಿದ್ದೆ. ಟಿಂಗ್ ಎಂದಿತು. "ಅಪ್ಪ ಇಲ್ಲ ಅಂತ ಅಳಬೇಡ. ನಾನು ಇದೀನಿ." ಆ ಮೆಸೇಜನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಹೋದ ವರ್ಷ ಸಕ್ಕರೆ ಮಾವನ ಕಣ್ಣಿಗೆ ಇಳಿಯಿತು. ನನ್ನ ಗಂಡ ಕೊಯಮತ್ತೂರಿಗೆ ನಾಲ್ಕು ಸಲ ಕರೆದುಕೊಂಡು ಹೋದರು, ಲೇಸರ್ ಮಾಡಿಸಿದರು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಆಕಾರ ಮಾತ್ರ ಕಾಣುತ್ತದೆ. ಎಳೆ ಕಾಣದವರು ಏನು ನೇಯುತ್ತಾರೆ? ಮಗ್ಗ ನಿಂತಿತು. ಮಗಳನ್ನು ತಿರುಪ್ಪೂರಿನ ಸ್ಕೂಲಿಗೆ ಸೇರಿಸಿದ್ದಾಗಿತ್ತು. ನನ್ನ ಗಂಡ ಅಲ್ಲಿ ಮಹಡಿ ಮೇಲೆ ಒಂದು ರೂಮು, ಒಂದು ಅಡುಗೆಮನೆಯ ಮನೆ ಹಿಡಿದರು. ಮಾವನನ್ನು ಸ್ವಲ್ಪ ದಿನಕ್ಕೆ ಅಂತ ಆನೈಮಲೈಯಲ್ಲಿರುವ ಅವರ ಮಗಳ ಮನೆಗೆ ಬಿಟ್ಟು ಬಂದರು. ಅವಳು ನನ್ನ ನಾದಿನಿ, ಗಂಡನ ತಂಗಿ, ಮಾವನ ಬಾಯಲ್ಲಿ ಇವತ್ತಿಗೂ ಪಾಪು. ಒಳ್ಳೆಯವಳು, ಮಾತು ಜಾಸ್ತಿ, ಅಪ್ಪನೆಂದರೆ ಪ್ರಾಣ.

ಅವಳು ಮಾಡಿದ ಮೊದಲ ಕೆಲಸ ಆ ಬಟನ್ ಫೋನನ್ನು ತೆಗೆದಿಟ್ಟು ಅಪ್ಪನಿಗೆ ಹೊಸ ಫೋನು ಕೊಡಿಸಿದ್ದು. ಗಾಜಿನ ಮೇಲೆ ನನ್ನ ಮುಖದ್ದೊಂದು, ಅಣ್ಣನ ಮುಖದ್ದೊಂದು ದೊಡ್ಡ ಫೋಟೋ ಹಾಕಿ, ಅದನ್ನು ಒತ್ತಿದರೆ ಸಾಕು ನೆಟ್ ಕಾಲ್ ಹೋಗುವ ಹಾಗೆ ಮಾಡಿಟ್ಟಳು. "ಈಗ ಯಾರ್ ಮೆಸೇಜ್ ಅಡಿಕ್ತಾರೆ ಅತ್ಗೆ? ಇದು ಪ್ರೀ. ಎಷ್ಟೊತ್ತು ಬೇಕಾದ್ರೂ ಪೇಸ್ಬೌದು," ಅಂದಳು ಸಂಭ್ರಮದಿಂದ. ಪೇಸುವುದೆಂದರೆ ಮಾತಾಡುವುದು. ಯಾರ ಜೊತೆ ಯಾರು ಪೇಸುವುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಮೊದಲ ಕಾಲ್ ಸಂಜೆ ಐದಕ್ಕೆ ಬಂತು. ನಾನು ಎತ್ತಿ ಕಿವಿಗಿಟ್ಟುಕೊಂಡೆ. ಅಲ್ಲಿ ಉಸಿರಾಡುವ ಸದ್ದು. ಇಲ್ಲಿ ನನ್ನದು. ಅವರು "ಹೂಂ" ಅಂದರು. ಅದೇ ಕ್ಷಣಕ್ಕೆ ನಾನೂ "ಹೂಂ" ಅಂದೆ. ನೆಟ್ಟಿನಲ್ಲಿ ಮಾತು ಸ್ವಲ್ಪ ತಡವಾಗಿ ಮುಟ್ಟುತ್ತದೆ. ಇಬ್ಬರ ಹೂಂ ಡಿಕ್ಕಿ ಹೊಡೆದು ಇಬ್ಬರೂ ಸುಮ್ಮನಾದೆವು. ಕೊನೆಗೆ ನಾದಿನಿಯೇ "ಅಪ್ಪಾ, ಅತ್ಗೆನ ಸಾಪ್ಟಾಯ್ತಾ ಅಂತ ಕೇಳ್ಲಾ?" ಎಂದು ನಡುವೆ ಬಂದು, ಊಟ ಆಯಿತೆಂದು ಇಬ್ಬರ ಪರವಾಗಿಯೂ ತಾನೇ ಹೇಳಿಕೊಂಡು ಕಾಲ್ ಮುಗಿಸಿದಳು.

ಅಂದಿನಿಂದ ದಿನಾ ಐದು ಗಂಟೆಗೆ ಮಾವನ ಫೋನು ತಪ್ಪಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಆ ಕಡೆಯಿಂದ ಕೋಳಿ ಕೂಗು, ತೋಟದಲ್ಲಿ ಒಣ ಗರಿ ಬಿದ್ದ ಸದ್ದು ಕೇಳಿಸುತ್ತಿತ್ತು. ಈ ಕಡೆಯಿಂದ ಅವರಿಗೆ ಕುಕ್ಕರಿನ ವಿಸಿಲ್, ಕೆಳಗಿನ ಮನೆಯ ಹೊಲಿಗೆ ಮಿಷನ್ನುಗಳ ಸದ್ದು ಕೇಳಿಸುತ್ತಿದ್ದಿರಬೇಕು. ನಾನು ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ. ಇನ್ನೇನು ಮಾಡಲಿ? ಇಷ್ಟು ವರ್ಷ ಬೆರಳು ಆಡಿದ ಮಾತನ್ನು ಬಾಯಿ ಆಡಲು ಒಪ್ಪುತ್ತಿರಲಿಲ್ಲ. ಅವರ ಉಸಿರು ಕಿವಿಗೆ ಬಿದ್ದರೆ ಸಾಕು, ನನ್ನ ಕೈ ತಾನಾಗಿ ಸೆರಗು ಎಳೆದುಕೊಳ್ಳುತ್ತಿತ್ತು.

ಒಂದು ದಿನ ನಾದಿನಿ ನಗುತ್ತ ಹೇಳಿದಳು: "ಅಪ್ಪ ತಂದ ಪೈನ ಇನ್ನೂ ಬಿಚ್ಚಿಲ್ಲ ಅತ್ಗೆ. ದಿನಾ ಒಂದು ಶರ್ಟ್ ತೆಗ್ದು ಹಾಕ್ತಾರೆ, ಒಗೆದ್ಮೇಲೆ ಮಡಚಿ ತಿರುಗ ಅದ್ರೊಳ್ಗೇ ಇಕ್ತಾರೆ. ಬೀರು ಕೊಟ್ಟಿದೀನಿ, ಮುಟ್ಟಲ್ಲ." ಪೈ ಅಂದರೆ ಬಟ್ಟೆಯ ಚೀಲ. ಅವಳಿಗೆ ಅದು ಮುದುಕರ ಹಟ. ನನಗೆ ತಕ್ಷಣ ತಿಳಿಯಿತು. ಸ್ವಲ್ಪ ದಿನ ಅಂದಿದ್ದರಲ್ಲ, ಆ ಸ್ವಲ್ಪ ದಿನ ಯಾವಾಗ ಮುಗಿಯುತ್ತದೆ ಎಂದು ಅವರು ಕಾಯುತ್ತಿದ್ದಾರೆ. ದಿನಾ ಐದಕ್ಕೆ ನನ್ನ ಬಾಯಿಂದ "ಬನ್ನಿ" ಎಂದು ಬರುತ್ತದೇನೋ ಎಂದು ನೋಡುತ್ತಿದ್ದಾರೆ. ಮಗಳ ಮನೆಯಲ್ಲಿ ಕೂತು ಮಗಳ ಎದುರೇ ಕರೆದುಕೊಂಡು ಹೋಗಿ ಅನ್ನುವ ಮನುಷ್ಯ ಅಲ್ಲ ಅವರು.

ಗಂಡನ ಹತ್ತಿರ ಹೇಳಿದೆ. "ಈ ಮೆಟ್ಲು ಹತ್ತೋಕಾಗುತ್ತಾ ಅವರಿಗೆ?" ಅಂದರು. ನಾನು ಕೈ ಹಿಡಿದು ಹತ್ತಿಸುತ್ತೇನೆ ಅಂದೆ. ಅವರು ನನ್ನನ್ನೇ ನೋಡಿದರು. "ನೀನಾ? ಅವ್ರೆದುರು ಒಂದಿನ ನಿಂತಿಲ್ಲ ನೀನು. ಹಗಲೆಲ್ಲ ಒಂದೇ ರೂಮಲ್ಲಿ ಇಬ್ರೂ ಮೂಗರ ಥರ ಇರ್ತೀರಾ? ಅಪ್ಪಂಗೆ ಒಂದು ಲೋಟ ನೀರು ಬೇಕಂದ್ರೂ ಯಾರನ್ನ ಕೇಳ್ತಾರೆ? ಅಲ್ಲಿ ಮಗಳಿದಾಳೆ, ಬಾಯ್ತುಂಬ ಮಾತಾಡ್ತಾಳೆ. ಬಿಡು."

"ನಾವು ಮಾತಾಡ್ತೀವಿ" ಅಂದೆ.

"ಯಾವಾಗ?"

ಏನು ತೋರಿಸಲಿ? ನನ್ನ ಫೋನು ಹಳೆಯದು. ಜಾಗ ತುಂಬಿದಾಗೆಲ್ಲ ಅಳಿಸುತ್ತ ಬಂದಿದ್ದೆ. ಉಳಿದಿದ್ದ ನಾಲ್ಕಾರರಲ್ಲಿ ಕಂಡಿಕೆಯ ಲೆಕ್ಕವೇ ಹೆಚ್ಚು. ಅದನ್ನು ನೋಡಿ ಗಂಡ "ಇದು ಕೆಲ್ಸದ್ದಲ್ವಾ" ಅಂದರು. ತಪ್ಪು ಅವರದೂ ಅಲ್ಲ. ಅವರು ಮನೆಗೆ ಬರುತ್ತಿದ್ದ ಶನಿವಾರ, ಭಾನುವಾರ ನಾವು ಮೆಸೇಜು ಕಳಿಸುತ್ತಿರಲಿಲ್ಲ. ಮಗ ಮನೆಯಲ್ಲಿರುವಾಗ ಸೊಸೆಗೆ ಮೆಸೇಜು ಮಾಡಲು ಮಾವನಿಗೆ ನಾಚಿಕೆ, ನನಗೂ ನಾಚಿಕೆ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ನೆನೆಸಿಕೊಂಡರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಕಾಲ್‌ನಲ್ಲಿ ಆಗದಿದ್ದರೆ ಬೇಡ, ಬರೆದೇ ಕಳಿಸುತ್ತೇನೆ ಎಂದು ಹಳೆಯ ಹಾಗೆ ಟೈಪು ಮಾಡಿದೆ: "ಮಾವ, ನೀವು ಇಲ್ಲಿಗೆ ಬಂದುಬಿಡಿ. ನಾನು ಚೆನ್ನಾಗಿ ನೋಡಿಕೊಳ್ಳುತ್ತೇನೆ." ಕಳಿಸಿದ ಮೇಲೆ ಎದೆ ಹಗುರಾಯಿತು. ಅವರ ಕಣ್ಣು ಹೋಗಿದೆ, ಅವರು ಓದಲಾರರು ಎಂಬುದು ಆ ಗಳಿಗೆಯಲ್ಲಿ ನನಗೆ ನೆನಪೇ ಇರಲಿಲ್ಲ. ಐದು ವರ್ಷ ಅವರಿಗೆ ಬರೆದೂ ಬರೆದೂ, ಬರೆದದ್ದು ಅವರಿಗೆ ಮುಟ್ಟುತ್ತದೆ ಅನ್ನುವುದಷ್ಟೇ ಕೈಗೆ ಗೊತ್ತಿತ್ತು.

ನಾದಿನಿ ಓದಿದಳು. ತಮಿಳು ಅಕ್ಷರ, ಮನೆಯ ಕನ್ನಡ. ನಮ್ಮಿಬ್ಬರಿಗಷ್ಟೇ ತಿಳಿಯುತ್ತದೆ ಅಂದುಕೊಂಡಿದ್ದೆನಲ್ಲ, ಅದೇ ಮನೆಯಲ್ಲಿ ಹುಟ್ಟಿದವಳಿಗೆ ತಿಳಿಯದೆ ಇರುತ್ತದೆಯೇ! ಅಪ್ಪನಿಗೆ ಬಂದದ್ದೆಂದು ಅಪ್ಪನ ಮುಂದೆ ಕೂತು ಗಟ್ಟಿಯಾಗಿಯೇ ಓದಿದಳಂತೆ. ಓದಿ ಮುಗಿಸಿದ ಮೇಲೆ ಅವಳಿಗೆ ಅರ್ಥವಾಯಿತು. ಅರ್ಧ ಗಂಟೆಯಲ್ಲಿ ನನಗೆ ಫೋನು.

"ಅತ್ಗೆ, ಅಪ್ಪಂಗೆ ಇಲ್ಲೇನ್ ಕೊರೆ, ಏನ್ ಕಮ್ಮಿ ಮಾಡಿದೀನಿ? ನಾ ಸರಿಯಾಗಿ ನೋಡ್ಕೊಳ್ತಾ ಇಲ್ಲ ಅಂತ ಯಾರಾರ ಬಂದು ಹೇಳಿದ್ರಾ? ಇಷ್ಟು ವರ್ಷ ನೀವಿಟ್ಕೊಂಡಿದ್ರಿ, ನಾ ಒಂದು ಮಾತು ಕೇಳಿದ್ನಾ? ನನ್ನ ಅಪ್ಪನ್ನ ಆರು ತಿಂಗಳು ನಾ ಇಟ್ಕೋಬಾರ್ದಾ?" ಅಳುತ್ತಿದ್ದಳು. ಹಾಗಲ್ಲ ಹಾಗಲ್ಲ ಎಂದು ಹತ್ತು ಸಲ ಹೇಳಿದೆ. ಹಾಗಲ್ಲದಿದ್ದರೆ ಹೇಗೆ ಎಂದು ಕೇಳಿದಳು. ಅವರಿಗೆ ನನ್ನ ಜೊತೆ ಇರಲು ಇಷ್ಟ ಎಂದು ಅವಳಿಗೆ ಹೇಗೆ ಹೇಳಲಿ? ಮಗಳಿಗಿಂತ ಸೊಸೆ ಬೇಕಂತೆ ಎಂದು ಕೇಳಿಸಿಕೊಳ್ಳುವ ಹೆಣ್ಣು ಯಾವುದು? ಕೊನೆಗೆ ಕ್ಷಮಿಸು ಅಂದೆ, ಇನ್ನು ಹಾಗೆಲ್ಲ ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಗಂಡನಿಗೂ ಸುದ್ದಿ ಮುಟ್ಟಿತ್ತು. ಅವರು ಬೈಯಲಿಲ್ಲ. "ಹೇಳಿದ್ನಲ್ಲ" ಅಂದು ಊಟಕ್ಕೆ ಕೂತರು.

ಇನ್ನು ಉಳಿದದ್ದು ಬಾಯಿ ಒಂದೇ. ಮಾತನ್ನು ರೆಕಾರ್ಡು ಮಾಡಿ ಕಳಿಸಿದರೂ ಅದನ್ನು ನಾದಿನಿಯೇ ಒತ್ತಿ ಕೇಳಿಸಬೇಕು. ನಾಲ್ಕು ದಿನ ಅಭ್ಯಾಸ ಮಾಡಿದೆ. ನಗಬೇಡಿ, ನಲ್ಲಿಯ ಮುಂದೆ ನಿಂತು "ಮಾವಾ, ಮನೆಗೆ ಬನ್ನಿ" ಎಂದು ಹೇಳಿ ಹೇಳಿ ನೋಡಿದೆ. ನೀರಿಗೆ ಹೇಳುವಾಗ ಸಲೀಸಾಗಿ ಬರುತ್ತಿತ್ತು. ನಾದಿನಿ ಶುಕ್ರವಾರ ಸಂಜೆ ತಪ್ಪದೆ ಅಮ್ಮನ ಗುಡಿಗೆ ಹೋಗುತ್ತಾಳೆ. ಆ ಹೊತ್ತಿನಲ್ಲಿ ಮಾವ ಒಬ್ಬರೇ ಇರುತ್ತಾರೆ. ಇನ್ನೊಂದು ಶುಕ್ರವಾರಕ್ಕೆ ಮುಂದೂಡಿದರೆ ಇನ್ನೆಂದೂ ಆಗುವುದಿಲ್ಲ ಎಂದು ನನಗೇ ಗೊತ್ತಿತ್ತು.

ಆ ಶುಕ್ರವಾರ ಐದಕ್ಕೆ ಫೋನು ಬಂತು. ಅವರು "ಹೂಂ" ಅಂದರು. ನಾನು ಹೂಂ ಅನ್ನಲಿಲ್ಲ. ಒಲೆ ಆರಿಸಿದೆ. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟೆ.

"ಮಾವಾ, ನೀವು ಮನೆಗೆ ಬನ್ನಿ. ನಿಮ್ಮ ಜೊತೆ ನಾನು ಇರ್ತೀನಿ. ನೀವು ಬರ್ಬೇಕು ಮಾವ."

ನನ್ನ ದನಿ ನನಗೇ ಯಾರದೋ ಅನ್ನಿಸಿತು. ಆ ಕಡೆ ಏನೂ ಇಲ್ಲ. ಲೈನು ಹೋಯಿತೇನೋ ಎಂದು ಗಾಜು ನೋಡಿದೆ. ಸೆಕೆಂಡುಗಳು ಓಡುತ್ತಲೇ ಇದ್ದವು. ಆಮೇಲೆ ಒಂದು ಸದ್ದು ಬಂತು. ಉಸಿರು ಕಟ್ಟಿ ಬಿಟ್ಟ ಹಾಗೆ, ಮತ್ತೆ ಕಟ್ಟಿ ಬಿಟ್ಟ ಹಾಗೆ. ಮಾವ ಅಳುತ್ತಿದ್ದರು. ಅತ್ತೆ ಹೋದ ದಿನವೂ ನಾನು ಅವರು ಅತ್ತದ್ದು ಕೇಳಿರಲಿಲ್ಲ.

ಅಷ್ಟರಲ್ಲಿ ಗೇಟಿನ ಸದ್ದು, ಚಪ್ಪಲಿಯ ಸದ್ದು. ಪೂಜೆಯ ನಿಂಬೆಹಣ್ಣು ಮರೆತು ನಾದಿನಿ ವಾಪಸ್ಸು ಬಂದಿದ್ದಳು. "ಅಪ್ಪಾ! ಯಾಕಪ್ಪಾ? ಒಡಂಬು ಸರಿಯಿಲ್ವಾ? ಮೈಗೇನಾರ ಆಗ್ತಾ ಇದ್ಯಾ?" ಎಂದು ಓಡಿ ಬಂದದ್ದು ಕೇಳಿಸಿತು. ಮಾವ ಕಿವಿಗಿಟ್ಟುಕೊಂಡರೆ ಕೆನ್ನೆ ತಾಗಿ ಕಾಲ್ ಕಟ್ಟಾಗುತ್ತದೆಂದು ಆ ಫೋನಿನ ಸ್ಪೀಕರನ್ನು ಯಾವಾಗಲೂ ಹಾಕಿಯೇ ಇಟ್ಟಿರುತ್ತಾಳೆ; ಫೋನು ಅವರ ಮಡಿಲಲ್ಲೇ ಇತ್ತು. ಅವಳು ಅದರ ಮೇಲೆ ಬಗ್ಗಿ ಕೇಳಿದಳು: "ಅತ್ಗೆನಾ? ಅಪ್ಪ ಅಳ್ತಾವ್ರೆ. ಏನ್ ಹೇಳಿದ್ರಿ ಅವ್ರಿಗೆ?"

ಹೇಳಬಹುದಿತ್ತು. ಒಂದು ಸಲ ಹೇಳಿದ್ದನ್ನೇ ಇನ್ನೊಂದು ಸಲ ಹೇಳಬೇಕಿತ್ತು, ಅಷ್ಟೇ. ಕೊಟ್ಟ ಮಾತು ನೆನಪಾಯಿತು, ಅವಳು ಅತ್ತದ್ದು ನೆನಪಾಯಿತು, ಗಂಡ ತಟ್ಟೆಯ ಮುಂದೆ ಕೂತದ್ದು ನೆನಪಾಯಿತು.

"ನಾನೇನೂ ಹೇಳಲಿಲ್ಲವಲ್ಲ," ಅಂದೆ. "ಸುಮ್ಮನೆ ಹೂಂ ಅಂದೆ, ಅಷ್ಟೇ."

ಗಟ್ಟಿಯಾಗಿ, ಸ್ಪಷ್ಟವಾಗಿ ಅಂದೆ. ಆ ಕಡೆ ಅಳು ನಿಂತಿತು. ಅವಳು ಏನೋ ಹೇಳುತ್ತಿದ್ದಳು, ನಾನು ಕಾಲ್ ಕಟ್ ಮಾಡಿಬಿಟ್ಟೆ. ಅಡುಗೆಮನೆಯಲ್ಲಿ ಕೂತು ಮಗಳು ಟ್ಯೂಷನ್ ಮುಗಿಸಿ ಬರುವವರೆಗೂ ಎದ್ದೇಳಲಿಲ್ಲ. ನನ್ನಂಥ ಹೇಡಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಮಾರನೆಯ ದಿನ ಫೋನು ಬರುವುದಿಲ್ಲ ಅಂದುಕೊಂಡಿದ್ದೆ. ಐದಕ್ಕೆ ಸರಿಯಾಗಿ ಬಂತು. ಎತ್ತಿ ಕಿವಿಗಿಟ್ಟುಕೊಂಡೆ.

"ಅಮ್ಮಣಿ," ಅಂದರು ಮಾವ. ಮಗಳಿಗಲ್ಲ, ಗೋಡೆಗಲ್ಲ, ನನಗೆ. "ಇಲ್ಲಿ ನಾ ಸೌಕರ್ಯವಾಗೇ ಇದೀನಿ. ಪಾಪು ಚೆನ್ನಾಗಿ ನೋಡ್ಕೊಳ್ತಾಳೆ. ನಾ ಇಲ್ಲೇ ಇದ್ಬುಡ್ತೀನಿ. ನೀ ಅದನ್ನೇ ನೆನೆಸ್ಕೊಂಡು ಮನಸ್ಸು ಕೆಡಿಸ್ಕೋಬೇಡ, ಆಯ್ತಾ?"

ಹಿಂದಿನಿಂದ ನಾದಿನಿಯ ಖುಷಿ ತಡೆಯಲಾಗದ ನಗು ಕೇಳಿಸಿತು. "ಅತ್ಗೆ, ಅಪ್ಪ ನಿಮ್ಹತ್ರ ಪೇಸ್ಬುಟ್ರು! ನೀವೂ ಪೇಸಿ, ಕಾಯ್ತಾ ಕೂತವ್ರೆ."

"ಆಗಲಿ ಮಾವ," ಅಂದೆ.